ವಿಮಾನಕ್ಕೊಂದು ಚಪ್ಪರ

ವಿಮಾನವನ್ನು ಮುಗಿಲಿನ ಹಕ್ಕಿಯೆಂದು ತರಗತಿಯಲ್ಲಿ ಬಣ್ಣಿಸುತ್ತಿದ್ದ ನಾನು, ಅದು ಜಕ್ಕೂರಿನ ಬಯಲಿನಲ್ಲಿ ಬಿಸಿಲಿಗೆ ಬೇಯುವುದನ್ನು ಕಂಡದ್ದು ವೈಮಾನಿಕ ಗೆಳೆಯನ ದೆಸೆಯಿಂದ. ಪುಟ್ಟ ವಿಮಾನದ ಉಪಕರಣ ಫಲಕದ ಮೇಲಣ ಪ್ಲಾಸ್ಟಿಕ್ ಹೊದಿಕೆ ಬಿರುಕು ಬಿಟ್ಟಿತ್ತು. ಎತ್ತರ, ವೇಗಗಳನ್ನು ತೋರುವ ಮುಳ್ಳುಗಳನ್ನೇ ನಂಬಿ ಹಾರುವವನಿಗೆ ಆ ಫಲಕ ಬೇಯುವುದು ಸಣ್ಣ ಮಾತೆ? ಒಳಗೆ ಹೊದಿಸಲೆಂದು ಮನೆಯ ಕರಿಯ ಕಂಬಳಿಯನ್ನು ಉದಾರವಾಗಿ ಒಯ್ದೆ.

ಗೆಳೆಯ ನಕ್ಕ: “ಮೇಷ್ಟ್ರೇ, ಕಪ್ಪು ಬಿಸಿಲನ್ನು ಕುಡಿದು ಶಾಖವನ್ನು ಒಳಗೇ ಕಾರುತ್ತದೆ!”

ಅಲ್ಯುಮಿನಿಯಂ ಲೇಪದ ಹಾಳೆ ಬೆಳಕನ್ನೇ ಹಿಂದಿರುಗಿಸುತ್ತದೆ. ಆದರೆ ಮುಂಗಿಟಕಿ ಗಾಜಲ್ಲ, ಅಕ್ರಿಲಿಕ್. ಹಾಳೆಯನ್ನು ಅದಕ್ಕೆ ತಾಗಿಸಿಟ್ಟರೆ ನಡುವೆ ನಿಂತ ಶಾಖಕ್ಕೆ ಅದೇ ಕೆಡಬಹುದು. ಹೊರಗಿನಿಂದ ಬಿಳಿಯ ಹೊದಿಕೆಯೇ ಮೇಲು. ಒಳಮೈ ಮೃದುವಾಗಿರಬೇಕು, ಧೂಳು ಸೇರಿದರೆ ಗೀರು ತಪ್ಪದು.

ಒಳಹೊಕ್ಕ ಬಿಸಿಲನ್ನು ಅಟ್ಟುವುದಕ್ಕಿಂತ ಹೊಸಿಲಾಚೆಯೇ ತಡೆಯುವುದು ಲೇಸು. ಅಂಗಳಕ್ಕೆ ಚಪ್ಪರ ಹಾಕಿದ ನಮ್ಮ ಅಜ್ಜಂದಿರಿಗೆ ಇದು ತಿಳಿದಿತ್ತು. ಎಂ.ಎ. ಮಾಡಿದ ಮೊಮ್ಮಗ ಕಂಬಳಿಯನ್ನು ಮಡಿಸಿಕೊಂಡು ಮನೆಗೆ ಮರಳಿದ.