ಬಂಡಿಮನೆಯ ಮಾಡು

ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಬಾಗಿಲು. ಅವರ ಹೊಗಳಿಕೆಗೆ ಪಾತ್ರವಾಗುವುದು ಪಡಸಾಲೆ. ಮಾಡನ್ನು ಕೇಳುವವರಾರು? ಸೋರುವವರೆಗೂ ಅದೊಂದು ಇದೆಯೆಂಬ ನೆನಪೇ ಯಾರಿಗೂ ಇರುವುದಿಲ್ಲ. ನೆಲವನ್ನು ಊರಿ ನಿಂತ ಮನೆಗೇ ಈ ಗತಿಯಾದರೆ, ಚಕ್ರಗಳ ಮೇಲೆ ಕುಳಿತು ಊರೂರು ಅಲೆಯುವ ಮನೆಯ ಪಾಡನ್ನು ಹೇಳಬೇಕೆ?

ಅಮೆರಿಕದಲ್ಲಿ ಇಂತಹ ಬಂಡಿಮನೆಗಳು ಲಕ್ಷಗಟ್ಟಲೆ ಇವೆ. ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಈ ಟ್ರೈಲರಿನೊಳಗೆ ಮಂಚ, ಒಲೆ, ಸ್ನಾನದ ಕೋಣೆ ಎಲ್ಲವೂ ಉಂಟು. ಹಲವರಿಗೆ ಅದು ರಜೆಯ ವಿನೋದ. ಆದರೆ ಇದ್ದ ಮನೆಯನ್ನು ಮಾರಿ, ನಿವೃತ್ತಿಯ ದಿನಗಳನ್ನೆಲ್ಲ ಅದರಲ್ಲಿಯೇ ಕಳೆಯುವ ದಂಪತಿಗಳೂ ಅಲ್ಲಿದ್ದಾರೆ. ಚಳಿಗಾಲ ಬಂದಿತೆಂದರೆ ಅರಿಜೋನಾದ ಮರುಭೂಮಿಯಲ್ಲಿರುವ ಕ್ವಾರ್ಟ್ಸ್‌ಸೈಟ್ ಎಂಬ ಪುಟ್ಟ ಊರಿನ ಸುತ್ತ ಇಂತಹ ಬಂಡಿಗಳ ಜಾತ್ರೆಯೇ ನೆರೆಯುತ್ತದೆ. ಬೇಸಗೆಯಲ್ಲಿ ತಂಪನ್ನರಸಿ ಉತ್ತರಕ್ಕೆ ಪಯಣ. ಅವರ ಪಾಲಿಗೆ ಆ ಬಂಡಿ ಬರಿಯ ವಾಹನವಲ್ಲ. ಉಳಿದಿರುವ ಒಂದೇ ಸೂರು.

ಹಲವು ಬಂಡಿಗಳಲ್ಲಿ ಆ ಸೂರಿನ ಮೇಲಿರುವುದು ಹೆಂಚಲ್ಲ, ತಗಡಲ್ಲ. ಸುಮಾರು ಒಂದು ಮಿಲಿಮೀಟರು ದಪ್ಪದ ರಬ್ಬರಿನ ಹಾಸು. ರಬ್ಬರೆಂದರೆ ಮರದ ಹಾಲಿನಿಂದ ಬಂದುದಲ್ಲ, ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರು. ಬಿಸಿಲಿನ ಝಳವನ್ನು ಹಿಂದಿರುಗಿಸಲೆಂದು ಅದರ ಮೇಲ್ಮೈ ಸಾಮಾನ್ಯವಾಗಿ ಬಿಳಿ; ಅಡಿಭಾಗ ಕಪ್ಪು. ವರ್ಷಗಳು ಕಳೆದಂತೆ ಮೇಲ್ಮೈ ಸವೆದು ಸೀಮೆಸುಣ್ಣದಂತಹ ಪುಡಿ ಏಳುತ್ತದೆ. ಮಳೆ ಬಂದಾಗ ಆ ಪುಡಿ ಹರಿದು ಗೋಡೆಗಳ ಮೇಲೆ ಬಿಳಿಯ ಗೆರೆಗಳನ್ನೆಳೆಯುತ್ತದೆ. ಹೊಸಬರು ಇದನ್ನು ಕಂಡು ಗಾಬರಿಯಾಗುವುದುಂಟು. ಅದು ಮುಪ್ಪಿನ ನರೆಯೇ ಹೊರತು ರೋಗವಲ್ಲ.

ರೋಗ ಬರುವುದು ಬೇರೆಡೆಯಿಂದ. ಹಾಸಿನ ನಡುಭಾಗವನ್ನು ಮರದ ಕೊಂಬೆಯೊಂದು ಗೀರದಿದ್ದರೆ ಅಲ್ಲಿ ತೂತು ಬೀಳುವುದು ಅಪರೂಪ. ಗಾಳಿಕಿಂಡಿ, ಬೆಳಕಿನ ಗವಾಕ್ಷಿ, ಕೊಳವೆಯ ಬಾಯಿ, ಅಂಚಿನ ಪಟ್ಟಿ, ಇವಕ್ಕಾಗಿ ಎಲ್ಲೆಲ್ಲಿ ಹಾಸನ್ನು ಕತ್ತರಿಸಿದ್ದಾರೆಯೋ ಅಲ್ಲಲ್ಲಿಯೇ ಅಪಾಯ. ಆ ಸಂದುಗಳಿಗೆ ಮೆತ್ತಿದ ಲೇಪ ಬಿಸಿಲಿಗೆ ಒಣಗಿ, ಪಯಣದ ಕುಲುಕಾಟಕ್ಕೆ ಬಿರುಕು ಬಿಡುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು. ನೀರು ಮೆಲ್ಲನೆ ಒಳಗಿಳಿದು, ಹಲಗೆಯ ಗುಂಟ ಹರಿದು, ಹೊಕ್ಕ ಜಾಗದಿಂದ ಮಾರು ದೂರದ ಮೂಲೆಯಲ್ಲಿ ಮುಖ ತೋರಿಸುತ್ತದೆ. ಒಳಛಾವಣಿಯಲ್ಲಿ ಹಳದಿಯ ಕಲೆ ಕಾಣುವ ಹೊತ್ತಿಗೆ ಮೇಲಿನ ಪ್ಲೈವುಡ್ ಕೊಳೆತಿರಬಹುದು, ಗೋಡೆಯ ಹೊರಪದರ ಉಬ್ಬಿರಬಹುದು. ಆಗ ಲೇಪದ ಡಬ್ಬಿಯನ್ನು ಹುಡುಕುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಆದುದರಿಂದ ತಿಳಿದ ಗೃಹಸ್ಥನು ಮಳೆಗಾಗಿ ಕಾಯುವುದಿಲ್ಲ. ವರ್ಷಕ್ಕೆ ಎರಡು ಮೂರು ಬಾರಿಯಾದರೂ ಏಣಿ ಹಾಕುತ್ತಾನೆ. ಹೊರೆ ತಾಳದ ಮಾಡಾದರೆ ಏಣಿಯ ಮೇಲಿನಿಂದಲೇ ನೋಡುತ್ತಾನೆ. ತಾಳುವುದಾದರೆ ಹಲಗೆಯೊಂದನ್ನು ಹಾಸಿ, ಅದರ ಮೇಲೆ ಮೊಣಕಾಲೂರಿ ಚಲಿಸುತ್ತಾನೆ. ಎಪ್ಪತ್ತು ವರ್ಷದ ಯಜಮಾನನು ತನ್ನ ಮನೆಯ ನೆತ್ತಿಯ ಮೇಲೆ ಅಂಬೆಗಾಲಿಡುವ ಆ ದೃಶ್ಯ ನೋಡುವವರಿಗೆ ನಗೆ ತರಿಸೀತು. ಅವನಿಗೆ ಅದು ವ್ರತ. ಅಂಗೈಯಿಂದ ಒತ್ತಿ ಒತ್ತಿ ನೋಡುತ್ತಾನೆ. ಎಲ್ಲಿ ಮೆತ್ತಗಿದೆಯೋ ಅಲ್ಲಿ ನೀರು ಸೇರಿರಬಹುದು. ಸೌಮ್ಯವಾದ ಸಾಬೂನಿನ ನೀರು, ಮೆದುವಾದ ಕುಂಚ, ತೊಳೆಯುವುದಕ್ಕೆ ಇಷ್ಟೇ. ಪೆಟ್ರೋಲು, ಸೀಮೆಎಣ್ಣೆಗಳಿಗೆ ಅಲ್ಲಿ ಪ್ರವೇಶವಿಲ್ಲ. ವರ್ಷಗಟ್ಟಲೆ ಬಿಸಿಲನ್ನು ತಾಳಿದ ಆ ರಬ್ಬರು ಎಣ್ಣೆ ಸೋಕಿದರೆ ಹೀರಿಕೊಂಡು ಉಬ್ಬುತ್ತದೆ. ಬಿರುಕಿನ ಜಾಗವನ್ನು ಶುದ್ಧಮಾಡಿ, ಒಣಗಿಸಿ, ಆ ಹಾಸಿಗೆ ಒಗ್ಗುವ, ತಾನಾಗಿಯೇ ಹರಡಿ ಕೂರುವ ಲೇಪವನ್ನು ಸುರಿಯಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತೆಂದು ಸಿಲಿಕೋನ್ ಮೆತ್ತಿದರೆ ಅದು ರಬ್ಬರನ್ನು ಚೆನ್ನಾಗಿ ಹಿಡಿಯುವುದಿಲ್ಲ. ಮುಂದೆ ತನ್ನ ಮೇಲೆ ಬೇರೊಂದು ಲೇಪವನ್ನು ಹಿಡಿಯಗೊಡುವುದೂ ಇಲ್ಲ.

ಇಷ್ಟೆಲ್ಲ ಆದರೂ ಒಂದು ಕಷ್ಟ ಉಳಿಯುತ್ತದೆ. ಮಾಡಿಗೆ ವಯಸ್ಸಾದಂತೆ ಅದಕ್ಕೆ ಆರೈಕೆ ಹೆಚ್ಚು ಬೇಕು. ಯಜಮಾನನಿಗೆ ವಯಸ್ಸಾದಂತೆ ಏಣಿ ಹತ್ತುವ ಕಾಲು ನಡುಗುತ್ತದೆ. ಎರಡು ಮುಪ್ಪುಗಳೂ ಒಟ್ಟಿಗೆ ಬರುತ್ತವೆ. ಕೆಳಗೆ ಏಣಿಯನ್ನು ಹಿಡಿದು ನಿಲ್ಲುವ ಹೆಂಡತಿಗೆ ಈ ಲೆಕ್ಕ ಗಂಡನಿಗಿಂತ ಮೊದಲೇ ತಿಳಿದಿರುತ್ತದೆ. “ಈ ಸಲ ಯಾರನ್ನಾದರೂ ಕೂಲಿಗೆ ಕರೆಯೋಣ” ಎಂದು ಅವಳು ಹೇಳಿದರೆ, ಅವನಿಗೆ ತನ್ನ ಯಜಮಾನಿಕೆಗೇ ಬಿರುಕು ಬಿದ್ದಂತೆ ತೋರುತ್ತದೆ. ಅವನು ಮುನಿಯುತ್ತಾನೆ, ಮತ್ತೆ ಹತ್ತುತ್ತಾನೆ. ಆದರೆ ನೀರು ಮಾಡಿನ ಮಧ್ಯವನ್ನು ಬಿಟ್ಟು ಸಂದನ್ನೇ ಹುಡುಕುವಂತೆ, ಕಾಲವೂ ಮನುಷ್ಯನ ಮೊಣಕಾಲಿನ ಕೀಲನ್ನೇ ಹುಡುಕುತ್ತದೆ. ಮಾಡಿನ ಬಿರುಕನ್ನು ಸಕಾಲದಲ್ಲಿ ಕಂಡು ಒಪ್ಪಿಕೊಂಡವನು ತನ್ನದನ್ನೂ ಒಪ್ಪಿಕೊಂಡರೆ ಸೋಲೇನೂ ಇಲ್ಲ. ಏಣಿಯನ್ನು ಬೇರೆಯವರು ಹತ್ತಲಿ. ಎಲ್ಲಿ ನೋಡಬೇಕೆಂದು ಕೆಳಗಿನಿಂದ ಹೇಳುವ ಕಣ್ಣು ಅವನದೇ ಇರಲಿ. ಸೂರು ಉಳಿಯುವುದಕ್ಕೆ ಅಷ್ಟು ಸಾಕು.