ಕೆಮ್ಮಣ್ಣುಗುಂಡಿಯ ಕಾಡುಕೋಳಿ

ಇಂಗ್ಲೆಂಡಿನಲ್ಲಿ ಫೆಸೆಂಟ್ ಹಕ್ಕಿಗಳನ್ನು ಸಾಕಿ, ಬಯಲಿಗೆ ಬಿಟ್ಟು, ದುಡ್ಡು ಕೊಟ್ಟವರಿಗೆ ಶಿಕಾರಿ ಮಾಡಿಸೋ ಎಸ್ಟೇಟುಗಳಿವೆ. ಅದೇ ವಂಶದ ನಮ್ಮ ಹಕ್ಕಿ ಕಾಡುಕೋಳಿ. ಕೆಮ್ಮಣ್ಣುಗುಂಡಿಯಲ್ಲಿ ಅದನ್ನು ಯಾರೂ ಸಾಕಬೇಕಿಲ್ಲ. ಲಿಂಗದಹಳ್ಳಿಯಿಂದ ಕಲ್ಲತ್ತಿಗಿರಿ ದಾಟಿ ಬೆಳಗ್ಗೆ ಬೇಗ ಘಾಟಿ ಹತ್ತಿದರೆ ರಸ್ತೆ ಬದಿಯಲ್ಲೇ ತರಗೆಲೆ ಕೆದಕುತ್ತಿರುತ್ತೆ. ನನಗಂತೂ ಝಡ್ ಪಾಯಿಂಟ್‌ಗಿಂತ ಇದೇ ಇಷ್ಟ.

ಹುಂಜದ ಕುತ್ತಿಗೆ ನೋಡಿ: ಕಪ್ಪು ಗರಿಗಳ ಮೇಲೆ ಮೇಣ ತೊಟ್ಟಿಕ್ಕಿದಂಥ ಹೊಂಬಣ್ಣದ ಚುಕ್ಕೆಗಳು. ಆ ಚೆಂದವೇ ಮುಳುವಾಯ್ತು. ಗಾಳಕ್ಕೆ ಕಟ್ಟೋ ಹುಸಿ ನೊಣ ಮಾಡೋಕೆ ಈ ಗರಿಗಳು ವಿದೇಶಕ್ಕೆ ಹೋಗ್ತಿದ್ದವು.

ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ ಬೆಟ್ಟ ಇದು. ಹತ್ತಿರದ ಜಾಗರ ಕಣಿವೆ 1951ರಲ್ಲೇ ವನ್ಯಧಾಮವಾಯ್ತು. ಅದೇ ಬೆಳೆದು ಇವತ್ತಿನ ಭದ್ರಾ ಅಭಯಾರಣ್ಯ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕಾಡುಕೋಳಿ ಬೇಟೆ ಅಪರಾಧ. ಆದ್ರೂ ‘ಕಾಡುಕೋಳಿ ಸಾರು ಸಿಗುತ್ತಾ?’ ಅಂತ ಹೋಂಸ್ಟೇಯಲ್ಲಿ ಕಣ್ಣು ಮಿಟುಕಿಸಿ ಕೇಳೋರು ಇದ್ದಾರೆ. ದಯವಿಟ್ಟು ಕೇಳಬೇಡಿ. ಕೇಳೋರು ಇರೋವರೆಗೂ ಉರುಳು ಹಾಕೋರೂ ಇರ್ತಾರೆ.

ಬದಲಿಗೆ ಕಾರು ನಿಧಾನ ಮಾಡಿ, ಹಾಡು ನಿಲ್ಲಿಸಿ, ಗಾಜು ಇಳಿಸಿ. ಊರ ಹುಂಜದಷ್ಟು ಉದ್ದ ಎಳೆಯಲ್ಲ, ಅರ್ಧಕ್ಕೇ ಮುರಿದಂಥ ಕೂಗು. ಮಂಜಿನೊಳಗಿಂದ ಬರುತ್ತೆ.