ನಡುಗಾತ್ರದ ಲಿಂಬೆಹಣ್ಣು

ನಮ್ಮ ಮನೆಯಲ್ಲಿ ಕಾರ್ಡು ಎಂದರೆ ಇಷ್ಟು ದಿನ ಮೂರೇ: ರೇಶನ್ ಕಾರ್ಡು, ಲಗ್ನದ ಕಾರ್ಡು, ಟ್ರಂಕಿನ ತಳದಲ್ಲಿ ಕಟ್ಟಿಟ್ಟ ನಮ್ಮಪ್ಪನ ಅಕ್ಷರದ ಅಂಚೆ ಕಾರ್ಡುಗಳು. ನಾಲ್ಕನೆಯದರ ಮಾತು ಎದ್ದದ್ದು 2024ರ ದೀಪಾವಳಿಯ ಮುಂದೆ. ಬೆಲೆ ಕೇಳಿದ ನಮ್ಮ ಯಜಮಾನರು ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗಿಟ್ಟು, "ಮೂವತ್ತು ಸಾವಿರಕ್ಕ ಒಂದು ಆಕಳ ಬರ್ತದ!" ಎಂದರು.

ಕೇಳಿದವಳು ಮಗಳು. ವಿಜಯಪುರದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ, ವಾರದ ಕೊನೆಗೆ ಸಿಂದಗಿಗೆ ಬರುತ್ತಾಳೆ. ಕೊರೊನಾ ಕಾಲದಲ್ಲಿ ಪಾಠ ಕೇಳಲೆಂದು ಜೋಡಿಸಿಕೊಟ್ಟ ಕಂಪ್ಯೂಟರ್ ಮನೆಯಲ್ಲಿದೆ. ಆ ವರ್ಷ ಆಗಸ್ಟ್ 20ರಂದು ಚೀನಾದವರ 'ಬ್ಲ್ಯಾಕ್ ಮಿಥ್: ವುಕಾಂಗ್' ಎಂಬ ಆಟ ಬಂದಿತ್ತು. ಅವರ ಹದಿನಾರನೆಯ ಶತಮಾನದ ಕಾದಂಬರಿಯೊಂದರ ವಾನರ ವೀರನ ಕಥೆಯಿಂದ ಹುಟ್ಟಿದ ಆಟವಂತೆ. "ನಮ್ಮ ಹಣಮಪ್ಪನಂಗ ಅದಾನ ನೋಡವ್ವಾ" ಎಂದು ಚಿತ್ರ ತೋರಿಸಿದಳು. ನಮ್ಮ ಕಂಪ್ಯೂಟರಿನ ಪ್ರೊಸೆಸರ್ ಲೆಕ್ಕದಲ್ಲಿ ಜಾಣ. ಚಿತ್ರ ಬಿಡಿಸಲು ಅದಕ್ಕೆ ಕೈ ಸಾಲದು. ಆ ಕೆಲಸಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇಕು.

ಬ್ಲೌಸ್ ಹೊಲಿದು ಕಟ್ಟಿದ ನನ್ನ ಬಿಶಿ ಆಗ ಎದ್ದಿತ್ತು. ಅವಳ ಲಗ್ನಕ್ಕೆಂದು ನಾಲ್ಕೈದು ಗ್ರಾಂ ಬಂಗಾರ ಹಿಡಿಯುವ ದುಡ್ಡು ಅದು. "ಹೆಣ್ಣುಮಗಳು, ಇಷ್ಟು ದುಡ್ಡು ಆಟಕ್ಕ್ಯಾಕ?" ಎಂದೆ.

"ಅಣ್ಣ ಬೈಕ್ ಕೇಳಿದಾಗ ಯಾಕಂತ ಕೇಳಿದ್ದೇನವ್ವಾ?"

ಕೇಳಿರಲಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಇಂಡಿಯಲ್ಲಿ ತವರುಮನೆಯ ಕಟ್ಟೆಯ ಮೇಲೆ ಗೆಳತಿಯರೊಡನೆ ಗಜಗ ಆಡುತ್ತಿದ್ದ ಹುಡುಗಿ ನಾನು. ದೊಡ್ಡವಳಾದ ದಿನ ನಮ್ಮಜ್ಜಿ ಆ ಕಾಳುಗಳನ್ನೆಲ್ಲ ಬಳಿದು ಮಾಡದಲ್ಲಿಟ್ಟಳು. ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ, ಕೊಡಬೇಕೆಂದು ಯಾರಿಗೂ ಅನಿಸಲಿಲ್ಲ.

ದೀಪಾವಳಿಗೆ ಇಂಡಿಗೆ ಹೋದೆವು. ಮುದ್ದೇಬಿಹಾಳದಿಂದ ಅಕ್ಕ, ಭಾವ ಬಂದಿದ್ದರು. ಬಸವನ ಬಾಗೇವಾಡಿಯಿಂದ ಕಾಕಾ ಬಂದಿದ್ದರು. ಕಾರ್ಡಿನ ಸುದ್ದಿ ಹೋಳಿಗೆಗಿಂತ ಮೊದಲೇ ಪಂಕ್ತಿಗೆ ಬಂತು. ತಮ್ಮನ ಮಗ ಒಂದೇ ಮಾತಿಗೆ, "ತಗೊಂಡ್ರ 4070 ತಗೋ, ಐದು ವರ್ಷ ತಿರುಗಿ ನೋಡಂಗಿಲ್ಲ" ಎಂದ. ಅದರ ಬೆಲೆ ಹೆಚ್ಚುಕಡಿಮೆ ಇಮ್ಮಡಿ.

ಅಂಗಳದಲ್ಲಿ ಲಿಂಬೆಹಣ್ಣು ಆರಿಸುತ್ತಿದ್ದ ನನ್ನ ತಮ್ಮ ತಲೆ ಎತ್ತದೆಯೇ ಹೇಳಿದ: "ದೊಡ್ಡ ಹಣ್ಣಿಗೆ ಸಿಪ್ಪಿ ದಪ್ಪ ಇರ್ತದ. ತೆಳು ಸಿಪ್ಪಿದು, ನಡುಗಾತ್ರದ್ದು ಆರಿಸು. ರಸ ಅದರಾಗಿರ್ತದ."

ಮಗಳು ನೋಟುಬುಕ್ಕು ತೆಗೆದಳು. ಆಟದವರು ಕೇಳುವುದು ಕನಿಷ್ಠ ಜಿಟಿಎಕ್ಸ್ 1060. ಚೆನ್ನಾಗಿ ಆಡಲು ಆರ್‌ಟಿಎಕ್ಸ್ 2060. ನಮ್ಮ ಪರದೆಯಲ್ಲಿ ಇರುವುದು ಸುಮಾರು 20 ಲಕ್ಷ ಚುಕ್ಕಿ. ಅಷ್ಟನ್ನೂ ಸೆಕೆಂಡಿಗೆ 60 ಸಲ ಬಿಡಿಸಿದರೆ ಕಣ್ಣಿಗೆ ಹಿತ. ದೊಡ್ಡ ಕಾರ್ಡುಗಳು 80 ಲಕ್ಷ ಚುಕ್ಕಿಯ 4ಕೆ ಪರದೆಗೂ ದುಡಿಯಬಲ್ಲವು. "ಆ ಪರದೆ ನಮ್ಮನ್ಯಾಗ ಎಲ್ಲೈತಿ ಮಾಮಾ? 2023ರಾಗ ಬಂದ 4060 ನಮಗ ಸಾಕು."

ಭಾವನವರು ಬಾವಿಯ ಮೋಟಾರಿನ ಲೆಕ್ಕ ತೆಗೆದರು: "ಟಿಸಿಯಾಗ ದಮ್ ಇಲ್ಲದಾಗ ದೊಡ್ಡ ಮೋಟಾರ ಕೂಡಿಸಿದರ ವೈಂಡಿಂಗ್ ಸುಡ್ತದ." ಮಗಳು ಇದನ್ನೂ ಬರೆದುಕೊಂಡಳು. 4060 ತಾನು ತಿನ್ನುವುದು 115 ವ್ಯಾಟ್, 4070 ಆದರೆ 200. ಇಡೀ ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆಯೊಂದು ಒಳಗಿರುತ್ತದೆ. ಮೊದಲನೆಯದಕ್ಕೆ 550, ಎರಡನೆಯದಕ್ಕೆ 650 ವ್ಯಾಟಿನ ಪೆಟ್ಟಿಗೆ ಬೇಕೆಂದು ಕಾರ್ಡಿನ ಕಂಪನಿಯೇ ಹೇಳುತ್ತದೆ. ನಮ್ಮಲ್ಲಿದ್ದ ಅಗ್ಗದ ಪೆಟ್ಟಿಗೆ ಎರಡಕ್ಕೂ ಬಾರದು. ಅದನ್ನು ಬದಲಿಸುವ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಬಸವಣ್ಣನವರು ಹುಟ್ಟಿದ ಊರಿನ ನಮ್ಮ ಕಾಕಾ ಎಲೆಅಡಿಕೆ ಜಗಿಯುತ್ತ ಕೊನೆಗೆ ಬಾಯಿಬಿಟ್ಟರು: "ಜೋಡಿ ನೋಡ್ರಿ ಮೊದಲ. ಒಂದು ಎತ್ತು ಜಗ್ಗತದ, ಇನ್ನೊಂದು ನಿಲ್ಲತದ ಅಂದರ ನೊಗ ಸೊಟ್ಟ."

"ಬರೋಬ್ಬರಿ ಹೇಳಿದ್ರಿ ಅಜ್ಜಾ!" ಎಂದು ಮಗಳು ಕುಣಿದಳು. ಹಳೆಯ ಪ್ರೊಸೆಸರಿಗೆ ಭಾರೀ ಕಾರ್ಡು ಕಟ್ಟಿದರೆ, ಕಾರ್ಡು ಚಿತ್ರ ಬಿಡಿಸಲು ಸಿದ್ಧವಾಗಿ ಪ್ರೊಸೆಸರಿನ ಲೆಕ್ಕಕ್ಕಾಗಿ ಕಾಯುತ್ತ ನಿಲ್ಲುತ್ತದಂತೆ.

ಒಂದು ಮಾತು ನಾನೂ ಕೂಡಿಸಿದೆ. 4060 ಟಿಐ ಎಂಬ ಇನ್ನೊಂದರಲ್ಲಿ ಹೆಸರು ಒಂದೇ, ಆದರೆ 8 ಜಿಬಿ ನೆನಪಿನದು ಬೇರೆ, 16ರದು ಬೇರೆ. ಇಳಕಲ್ ಸೀರೆ ಕೊಳ್ಳುವಾಗ ನಾವು ಹೆಸರು ನೋಡುತ್ತೇವೆಯೇ? ಸೆರಗು ರೇಷ್ಮೆಯದೋ ಅಲ್ಲವೋ ಎಂದು ಮುಟ್ಟಿ ನೋಡುತ್ತೇವೆ. "ಡಬ್ಬಿ ಮ್ಯಾಲಿನ ಸಣ್ಣಕ್ಷರ ಓದಿ ತಗೋ" ಎಂದೆ. ಅವಳೂ ಮುಚ್ಚಿಡಲಿಲ್ಲ. "ನಾನು ತಗೊಳ್ಳೋದರಾಗ 8 ಜಿಬಿ ಅದವ್ವಾ. ಮುಂದಿನ ಆಟಕ್ಕ ಇಕ್ಕಟ್ಟಾಗಬಹುದು. ಆಗ ಚಿತ್ರದ ನಯ ಸ್ವಲ್ಪ ಇಳಿಸಿ ಆಡ್ತೀನಿ" ಎಂದಳು.

ಸೀರೆ ಆರಿಸುವಾಗ ನಾನೂ ಇಷ್ಟು ವಿಚಾರ ಮಾಡಿದವಳಲ್ಲ. ಮಗನ ಬೈಕಿಗಂತೂ ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಬಂಗಾರದ ದುಡ್ಡು ಅವಳದೇ ಅಲ್ಲವೇ ಎಂದುಕೊಂಡು ಬಿಶಿಯ ಗಂಟು ಬಿಚ್ಚಿದೆ.

ಕಾರ್ಡು, ಪೆಟ್ಟಿಗೆ ಎರಡೂ ಸೇರಿ ಮೂವತ್ಮೂರು ಸಾವಿರವಾಯಿತು. ಮೊದಲ ಭಾನುವಾರ ಪರದೆಯ ಮೇಲೆ ಕಾಡು ತೆರೆದುಕೊಂಡಿತು. ಬಂಡೆಯ ಮೇಲಿನ ಪಾಚಿ, ವಾನರನ ಮೈಮೇಲಿನ ಒಂದೊಂದು ಕೂದಲು ಕಾಣುತ್ತಿತ್ತು. ನೋಡುತ್ತ ನಿಂತಿದ್ದ ನನ್ನ ಕೈಗೆ ಮಗಳು ಕಂಟ್ರೋಲರ್ ಕೊಟ್ಟಳು. ಗಜಗ ಬಿಟ್ಟ ಬೆರಳು ಎಲ್ಲೆಲ್ಲೋ ಒತ್ತಿದವು. ಎದುರಿಗೆ ಬಂದ ತೋಳವೊಂದು ಎರಡೇ ಏಟಿಗೆ ನನ್ನನ್ನು ಕೆಡವಿತು. ನಾನು ಕೂಗಿದ್ದು ಒಳಗೆ ಕೇಳಿಸಿತು.

"ಏನಾತು? ಯಾರು ಸತ್ತರು?" ಎಂದರು ಯಜಮಾನರು.

"ನಾನs ಸತ್ತೆ" ಎಂದು ಹೇಳಿ, ಮಗಳ ಕಡೆ ತಿರುಗಿ, "ಇನ್ನೊಮ್ಮೆ ಹಚ್ಚು" ಎಂದೆ.